ಗೆಳೆಯನಿಗೊಂದು ಪತ್ರ: ಓಟು ಬೇರೆ, ಬಲಿಪೀಠ ಒಂದೇ

ಪ್ರಿಯ ಗೆಳೆಯಾ,

ವಾಳೆಯ (ಇಗರ್ಜಿಯ ವಾರ್ಡಿನ) ಗುರಿಕಾರನಾಗಿ, ಅಂದರೆ ಅದರ ಮುಖ್ಯಸ್ಥನಾಗಿ, ನೀನು ಕೇಳಿದ "ರಾಜಕೀಯದಿಂದ ದೂರವಾದ ಮನೆಗಳನ್ನು ಮತ್ತೆ ಒಂದು ಮಾಡುವುದು ಹೇಗೆ" ಎಂಬ ಪ್ರಶ್ನೆ ನಿನ್ನ ಇಗರ್ಜಿಯದ್ದು ಮಾತ್ರವಲ್ಲ, ಮಂಗಳೂರು, ಉಡುಪಿಯಲ್ಲಿ ಹಲವು ಕಡೆ ಇರುವಂಥದ್ದೇ. ಚುನಾವಣೆ ಮುಗಿದರೂ ಎರಡು ಮನೆಯವರ ನಡುವೆ ಮಾತಿಲ್ಲ. ಇಬ್ಬರೂ ಭಾನುವಾರ ತಪ್ಪದೆ ಬಲಿಪೂಜೆಗೆ ಬರುತ್ತಾರೆ, ಒಂದೇ ಸಾಲಿನಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸುತ್ತಾರೆ, ಅಂಗಳಕ್ಕೆ ಇಳಿದ ಮೇಲೆ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ.

"ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೂ ರಾಜಕೀಯ ಹಾಕಬಾರದು" ಎಂಬ ನಿಯಮ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಆ ನಿಯಮ ಮಾಡು, ತಪ್ಪಿಲ್ಲ. ಆದರೆ ಅದರಿಂದ ಸದ್ದು ನಿಲ್ಲುತ್ತದೆಯೇ ಹೊರತು ಸಿಟ್ಟು ನಿಲ್ಲುವುದಿಲ್ಲ. ಅದು ಇನ್ನೊಂದು ಗುಂಪಿಗೆ ಹೋಗುತ್ತದೆ, ಅಲ್ಲಿ ಒಂದೇ ಪಕ್ಷದವರು ಇರುವುದರಿಂದ ಇನ್ನೂ ಕೆಡುತ್ತದೆ.

ಮೊದಲು ಬೇರ್ಪಡಿಸಬೇಕಾದದ್ದು ಎರಡು ಸಂಗತಿ: ಅಭಿಪ್ರಾಯಭೇದ ಯಾವುದು, ಪಾಪ ಯಾವುದು. ಮಾಂಸ ತಿನ್ನುವವರು, ತರಕಾರಿ ಮಾತ್ರ ತಿನ್ನುವವರು ಎಂದು ರೋಮಿನ ಸಭೆ ಒಡೆದುಕೊಂಡಾಗ ಪೌಲ ಯಾರನ್ನೂ ಹೊರಗೆ ಹಾಕಲಿಲ್ಲ. ಒಬ್ಬರು ಇನ್ನೊಬ್ಬರನ್ನು ಹೀನೈಸಬೇಡಿ, ತೀರ್ಪು ಮಾಡಬೇಡಿ ಎಂದ (ರೋಮಾಪುರದವರಿಗೆ, 14ನೇ ಅಧ್ಯಾಯ). ಯಾವ ಪಕ್ಷದ ತೆರಿಗೆ ನೀತಿ ಒಳ್ಳೆಯದು, ಹೆದ್ದಾರಿ ಎಲ್ಲಿ ಹಾದುಹೋಗಬೇಕು, ಯಾವ ಅಭ್ಯರ್ಥಿ ಕೆಲಸ ಮಾಡುವವ ಎಂಬುದೆಲ್ಲ ಈ ಸಾಲಿನವು. ಇಂಥ ಕಾರಣಕ್ಕೆ ನೆರೆಯವನು ಬೇರೆ ಗುಂಡಿ ಒತ್ತಿದರೆ ಅವನ ವಿಶ್ವಾಸವನ್ನು ಅಳೆಯುವ ಹಕ್ಕು ನಮಗಿಲ್ಲ. ಸುಳ್ಳು ಹರಡುವುದು, ಓಟಿಗೆ ಹಣ ಅಥವಾ ಸೀರೆ ತೆಗೆದುಕೊಳ್ಳುವುದು, ಒಂದು ಇಡೀ ಸಮುದಾಯವನ್ನು ದ್ವೇಷಿಸುವ ಮಾತಾಡುವುದು ಹಾಗಲ್ಲ. ಅವನ್ನು ಅಭಿಪ್ರಾಯ ಎಂದು ಬಿಟ್ಟುಬಿಟ್ಟರೆ ಅದು ಪ್ರೀತಿಯೂ ಅಲ್ಲ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಾಗ ಪೌಲ ಅವನನ್ನು ಮುಖಾಮುಖಿ ಎದುರಿಸಿದ. ಆ ಜಗಳ ನಡೆದದ್ದು ಒಂದೇ ಮೇಜಿನಲ್ಲಿ ಎಲ್ಲರಿಗೂ ಜಾಗ ಉಳಿಯಲಿ ಎಂದು.

ಇನ್ನೊಂದು ಎಚ್ಚರ. 2008ರ ಸೆಪ್ಟೆಂಬರಿನಲ್ಲಿ ನಮ್ಮ ಕರಾವಳಿಯ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಗಳ ನೆನಪು ಕೆಲವು ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಅಂಥವರು ಭಯದಿಂದ ಮಾತಾಡಿದರೆ "ರಾಜಕೀಯ ತರಬೇಡಿ" ಎಂದು ಬಾಯಿ ಮುಚ್ಚಿಸಬೇಡ. ಕೂತು ಕೇಳು.

ಈಗ ಆ ಎರಡು ಮನೆಗಳ ವಿಷಯ. ಯೇಸು ಇದಕ್ಕೆ ಕ್ರಮವನ್ನೇ ಹೇಳಿಕೊಟ್ಟಿದ್ದಾನೆ, ಮತ್ತಾಯ 18ರ 15ರಿಂದ 17ನೇ ವಚನ. ಮೊದಲು ಇಬ್ಬರೇ. ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು. ಆಗಲೂ ಆಗದಿದ್ದರೆ ಸಭೆಗೆ, ಅಂದರೆ ವಿಶ್ವಾಸಿಗಳೆಲ್ಲರ ಮುಂದೆ. ನಮ್ಮಲ್ಲಿ ಕೆಡುವುದು ಈ ಕ್ರಮ ತಿರುವುಮುರುವಾಗುವುದರಿಂದ: ಮನಸ್ಸಿಗೆ ನೋವಾದ ಕೂಡಲೇ ಇಡೀ ಗುಂಪಿನ ಮುಂದೆ ಉತ್ತರ ಬರೆಯುತ್ತೇವೆ. ಅಂದರೆ ಮೂರನೇ ಮೆಟ್ಟಿಲಿನಿಂದ ಶುರು. ನೋಡುವವರು ಇದ್ದಾಗ ಯಾರೂ ಸೋಲಲು ಒಪ್ಪುವುದಿಲ್ಲ, ಹಾಗಾಗಿ ಹಿಂದೆ ಬರುವ ದಾರಿಯೇ ಮುಚ್ಚಿಹೋಗುತ್ತದೆ.

ಹಾಗಾಗಿ ಇಬ್ಬರಲ್ಲಿ ಮನಸ್ಸು ಸ್ವಲ್ಪ ಮೆತ್ತಗಿರುವವರ ಬಳಿ ಹೋಗಿ, ಮೊದಲ ಹೆಜ್ಜೆ ಇಡಲು ಅವರನ್ನೇ ಕೇಳಿಕೋ. ಭೇಟಿ ಮನೆಯ ಜಗಲಿಯಲ್ಲೇ ಆಗಲಿ. ಫೋನಿನಲ್ಲಿ ಬೇಡ, ಧ್ವನಿ ಸಂದೇಶವಂತೂ ಖಂಡಿತ ಬೇಡ, ಯಾಕೆಂದರೆ ಅದನ್ನು ಇನ್ನೊಬ್ಬರಿಗೆ ಕೇಳಿಸಬಹುದು. ಅರ್ಧ ಗಂಟೆ ಸಾಕು. ಮಾತು ಒಂದೇ ಘಟನೆಯ ಮೇಲೆ ನಿಲ್ಲಲಿ: "ಆ ದಿನ ನೀನು ಕಳಿಸಿದ ಆ ಸಂದೇಶ ನನಗೆ ನೋವು ಮಾಡಿತು." "ನಿಮ್ಮ ಪಕ್ಷದವರು ಯಾವಾಗಲೂ" ಎಂದು ಶುರುವಾದರೆ ಎದುರಿಗಿರುವವನು ತನ್ನ ತಪ್ಪನ್ನು ಬಿಟ್ಟು ಪಕ್ಷದ ಚರಿತ್ರೆಗೆ ಉತ್ತರ ಕೊಡಲು ಕೂರುತ್ತಾನೆ. ಓಟು ಯಾರಿಗೆ ಎಂಬುದು ಆ ಭೇಟಿಯ ವಿಷಯವೇ ಅಲ್ಲ.

ಎರಡನೇ ಸಲ ಹೋಗಬೇಕಾಗಿ ಬಂದರೆ, ಜೊತೆಗೆ ಬರುವವರನ್ನು ಆರಿಸುವುದರಲ್ಲೇ ಅರ್ಧ ಕೆಲಸವಿದೆ. ನೊಂದವನ ಪಕ್ಷದವರೇ ಇಬ್ಬರು ಹೋದರೆ ಅದು ಸಾಕ್ಷಿಯಾಗದೆ ದಂಡಯಾತ್ರೆಯಾಗುತ್ತದೆ. ಒಬ್ಬರಾದರೂ ಎದುರಿನವನ ರಾಜಕೀಯ ಒಲವಿನವರು ಇರಬೇಕು. ಮೂರನೆಯದಕ್ಕೆ ಪಾದ್ರಿಯವರ ಬಳಿಗೆ ಹೋಗುವುದು, ಪಕ್ಷದ ನಾಯಕರ ಬಳಿಗೆ ಖಂಡಿತ ಅಲ್ಲ.

ಅದಕ್ಕೂ ಬಗ್ಗದಿದ್ದರೆ ಅವನು ಅನ್ಯಜನದವನಂತೆ, ಸುಂಕದವನಂತೆ ಇರಲಿ ಎಂದು ಅದೇ ವಚನದಲ್ಲಿದೆ. ಇದನ್ನು ಸಂಬಂಧ ಕಡಿಯುವ ಅಪ್ಪಣೆ ಎಂದು ಓದುವವರಿದ್ದಾರೆ. ಆದರೆ ಸುಂಕದವರ ಜೊತೆ ಯೇಸು ಊಟಕ್ಕೆ ಕೂತ, ಕಪೆರ್ನೌಮಿನ ಸುಂಕದ ಕಟ್ಟೆಯಿಂದ ಎದ್ದು ಬಂದ ಒಬ್ಬನನ್ನು ತನ್ನ ಹನ್ನೆರಡು ಮಂದಿ ಶಿಷ್ಯರಲ್ಲಿ ಸೇರಿಸಿಕೊಂಡ. ಅದೇ ಪಟ್ಟಿಯಲ್ಲಿ ಮತಾಭಿಮಾನಿ ಸೀಮೋನನೂ ಇದ್ದಾನೆ. ಒಬ್ಬ ಆಗಿನ ದೊರೆ ಹೆರೋದನ ಖಜಾನೆಗೆ ಸುಂಕ ಎತ್ತಿದವ, ಇನ್ನೊಬ್ಬ ಅಂಥವರನ್ನು ದ್ರೋಹಿಗಳೆಂದು ಕಾಣುವ ಹುರುಪಿನವ. ಹಾಗಿದ್ದೂ ಇಬ್ಬರೂ ಕಡೇ ಭೋಜನದ ಮೇಜಿನಲ್ಲಿದ್ದರು.

ಸುಳ್ಳು ಸಂದೇಶದ ಬಗ್ಗೆ ನಿನ್ನ ವಾಳೆಯ ಯುವಕರಿಗೆ ಖಂಡಿತ ಹೇಳು. ಸುಳ್ಳುಸಾಕ್ಷಿ ಹೇಳಬಾರದು ಎಂಬುದು ಕಥೋಲಿಕರ ಎಣಿಕೆಯಲ್ಲಿ ಎಂಟನೇ ಆಜ್ಞೆ, ಬಲ್ಮಠದ ಪ್ರೊಟೆಸ್ಟೆಂಟ್ ಸಿಎಸ್‌ಐ ಗೆಳೆಯರ ಎಣಿಕೆಯಲ್ಲಿ ಒಂಬತ್ತನೆಯದು, ಮಾತು ಒಂದೇ. ಫಾರ್ವರ್ಡ್ ಮಾಡಿದವನೂ ಸಾಕ್ಷಿ ಹೇಳಿದವನೇ. ಚಿತ್ರ ಹಳೆಯದೋ, ಊರು ಅದೇ ಹೌದೋ, ಸುದ್ದಿ ಯಾವುದಾದರೂ ಪತ್ರಿಕೆಯಲ್ಲಿ ನಿಜವಾಗಿ ಬಂದಿದೆಯೋ ನೋಡದೆ ಒತ್ತಬಾರದು. ಓದಿ ರಕ್ತ ಕುದಿಯಿತೆಂದರೆ ಒಂದು ರಾತ್ರಿ ಕಾಯುವುದು ಒಳ್ಳೆಯದು, ಅಂಥವೇ ಹೆಚ್ಚಾಗಿ ಕಟ್ಟಿದ ಕಥೆಗಳು. ಸುಳ್ಳೆಂದು ಗೊತ್ತಾದರೆ ಕಳಿಸಿದ ಗುಂಪಿನಲ್ಲಿಯೇ "ಇದು ತಪ್ಪಾಗಿತ್ತು" ಎಂದು ಬರೆಯಬೇಕು. ಸುಮ್ಮನೆ ಅಳಿಸಿದರೆ ಆಗಲೇ ಓದಿದವರಿಗೆ ಅದು ನಿಜವಾಗಿಯೇ ಉಳಿಯುತ್ತದೆ.

ಇಗರ್ಜಿಯ ಮಟ್ಟದಲ್ಲಿ ಗೆರೆ ಸ್ಪಷ್ಟವಾಗಿದೆ. 1965ರ ಡಿಸೆಂಬರ್‌ನಲ್ಲಿ ಕಥೋಲಿಕ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ, ಲೌಕಿಕ ವಿಷಯಗಳಲ್ಲಿ ವಿಶ್ವಾಸಿಗಳ ನಡುವೆ ಪ್ರಾಮಾಣಿಕ ಭಿನ್ನಾಭಿಪ್ರಾಯ ಬಂದಾಗ ಧರ್ಮಸಭೆಯ ಅಧಿಕಾರವನ್ನು ಯಾರೂ ತನ್ನೊಬ್ಬನ ಪಕ್ಷಕ್ಕೆ ಎಳೆದುಕೊಳ್ಳಬಾರದು ಎಂದು ಹೇಳಿತು. ನಮ್ಮ ದೇಶದ ಕಾನೂನೂ ಅದನ್ನೇ ಕಾಯುತ್ತದೆ. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಕಲಮಿನಂತೆ, ಅಭ್ಯರ್ಥಿ ಅಥವಾ ಅವನ ಒಪ್ಪಿಗೆಯಿಂದ ಬೇರೆಯವರು ಧರ್ಮದ ಹೆಸರಿನಲ್ಲಿ ಓಟು ಕೇಳಿದರೆ, ಇಂಥವರಿಗೆ ಓಟು ಹಾಕದಿದ್ದರೆ ದೇವರ ಕೋಪ ಬರುತ್ತದೆಂದು ಹೆದರಿಸಿದರೆ ಅದು ಭ್ರಷ್ಟ ಆಚರಣೆ. 1988ರ ಇನ್ನೊಂದು ಕಾಯ್ದೆ ಧಾರ್ಮಿಕ ಸಂಸ್ಥೆಯ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು ತಡೆಯುತ್ತದೆ. ಹಾಗಾಗಿ ಅಭ್ಯರ್ಥಿ ಹಬ್ಬಕ್ಕೆ ಬಂದರೆ ಎಲ್ಲರಂತೆ ಬೆಂಚಿನಲ್ಲಿ ಕೂರಲಿ, ಮೈಕ್ ಕೊಡಬೇಡಿ. ಒಬ್ಬರಿಗೆ ಕೊಟ್ಟರೆ ಉಳಿದವರಿಗೆ ಯಾಕಿಲ್ಲ ಎಂಬ ಜಗಳ ನಿನ್ನ ತಲೆಗೇ ಬರುತ್ತದೆ. ಇದರಿಂದ ಓಟಿನ ಕೆಲಸವೇ ಇಗರ್ಜಿಗೆ ಬೇಡ ಎಂದಾಗುವುದಿಲ್ಲ. 18 ತುಂಬಿದವರಿಗೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6, ವಿಳಾಸ ಬದಲಾದವರಿಗೆ ನಮೂನೆ 8 ತುಂಬಲು ಪಕ್ಷ ಕೇಳದೆ ನೆರವಾಗುವುದು ವಾಳೆ ಮಾಡಬಹುದಾದ ಒಳ್ಳೆಯ ಸೇವೆ.

ವಿಶ್ವಾಸಿಗಳ ಪ್ರಾರ್ಥನೆಯನ್ನು ಬರೆಯುವವರಿಗೂ ಒಂದು ಮಾತು ಹೇಳು. ಪೂಜಾವಿಧಿಯ ಕ್ರಮದಲ್ಲಿ ಧರ್ಮಸಭೆಗಾಗಿ ಬೇಡಿದ ನಂತರ ಆಳುವವರಿಗಾಗಿ ಬೇಡುವ ಜಾಗವಿದೆ. ನಮಗೆ ಇಷ್ಟವಾದವರು ಗೆದ್ದಾಗ ಮಾತ್ರ ಅದು ತುಂಬಬಾರದು. ಅರಸರಿಗಾಗಿ ಪ್ರಾರ್ಥಿಸಿರಿ ಎಂದು ತಿಮೊಥೆಗೆ ಬರೆದ ಪತ್ರ ಬಂದದ್ದು ವಿಶ್ವಾಸಿಗಳಲ್ಲದ ರೋಮಿನ ಚಕ್ರವರ್ತಿಗಳ ಕಾಲದಿಂದ. ಪ್ರಾರ್ಥನೆಯೊಳಗೆ ಟೀಕೆ ಸೇರಿಸಿ ಓದುವುದೂ ಬೇಡ. ದೇವರಿಗೆ ಹೇಳಿದಂತೆ ಮಾಡಿ ಪಕ್ಕದ ಬೆಂಚಿನವನಿಗೆ ಚುಚ್ಚುವುದು ಎಲ್ಲರಿಗೂ ತಿಳಿಯುತ್ತದೆ.

ಶಾಂತಿಯ ವಿನಿಮಯವನ್ನು, ಅಂದರೆ ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಕೋರುವುದನ್ನು, ಬಲವಂತದ ರಾಜಿಯ ವೇದಿಕೆ ಮಾಡಬೇಡ. ಅದು ಪರಮಪ್ರಸಾದಕ್ಕೆ ಸ್ವಲ್ಪ ಮೊದಲು ಬರುತ್ತದೆ, ಸಿಎಸ್‌ಐ ಆರಾಧನೆಯಲ್ಲಿ ಕಾಣಿಕೆಗೂ ಮುಂಚೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂಬ ಯೇಸುವಿನ ಮಾತಿನ ಜಾಗ ಅದು. ಜಗಲಿಯ ಆ ಅರ್ಧ ಗಂಟೆ ಭಾನುವಾರಕ್ಕೆ ಮುಂಚೆ ಆಗಿದ್ದರೆ ಕೈಮುಗಿಯುವಾಗ ಕಣ್ಣು ತಾನಾಗಿ ಆ ಕಡೆ ಹೋಗುತ್ತದೆ. ಮನೆಮಂದಿಯೆಲ್ಲ ಹೊಸಕ್ಕಿ ಹಂಚಿಕೊಂಡು ಉಣ್ಣುವ ಸೆಪ್ಟೆಂಬರ್ 8ರ ತೆನೆಹಬ್ಬವೂ ಒಂದು ಅವಕಾಶವೇ, ಅಣ್ಣತಮ್ಮಂದಿರ ನಡುವಿನ ಜಗಳವಾದರೆ ವಿಶೇಷವಾಗಿ.

ಗುಂಪಿನ ನಿಯಮ, ಮೈಕಿನ ನಿಯಮ, ಪ್ರಾರ್ಥನೆ ಬರೆಯುವ ರೀತಿ ಇವಿಷ್ಟನ್ನೂ ಇಗರ್ಜಿಯ ಪಾಲನಾ ಪರಿಷತ್ತಿನಲ್ಲಿಟ್ಟು, ಚುನಾವಣೆಯ ದಿನಾಂಕ ಹೊರಬೀಳುವ ಮೊದಲೇ ಬರೆದು ತೀರ್ಮಾನಿಸಿಬಿಡಿ. 2024ರಲ್ಲಿ ಲೋಕಸಭಾ ಚುನಾವಣೆಯ ದಿನಾಂಕ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ತಪಸ್ಸಿನ ಕಾಲದ ನಡುವೆ. ಆ ಕಾಲ ಮುಗಿಸುವ ಪಾಸ್ಕ (ಈಸ್ಟರ್) ಹಬ್ಬ ಮಾರ್ಚ್ 31ಕ್ಕೆ, ನಮ್ಮ ಎರಡೂ ಕ್ಷೇತ್ರಗಳ ಮತದಾನ ಏಪ್ರಿಲ್ 26ಕ್ಕೆ. ಅಷ್ಟರೊಳಗೆ ಕೂತು ಚರ್ಚಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅಭ್ಯರ್ಥಿಗಳ ಹೆಸರು ಬಂದ ಮೇಲೆ ಯಾವ ನಿಯಮ ಮಾಡಿದರೂ ಅದು ಒಬ್ಬರ ವಿರುದ್ಧ ಮಾಡಿದ್ದೆಂದೇ ಕಾಣುತ್ತದೆ. ಮುಂದಿನ ಪರಿಷತ್ ಸಭೆಗೇ ಇದನ್ನು ಹಾಕಿಸು.

ಪ್ರೀತಿಯಿಂದ,
ನಿನ್ನ ಗೆಳೆಯ