ಥಿಯೇಟರ್ ಚಾವಣಿಯ ಕೆಳಗೆ ಕಾರ್ ಪಾರ್ಕಿಂಗ್

ಮಾನ್ಯ ಸಂಪಾದಕರೇ,

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣ 2024ರಲ್ಲಿ ಮತ್ತೆ ಬಾಗಿಲು ತೆರೆದಾಗ, ಅದನ್ನು ದುರಸ್ತಿ ಮಾಡಿಸಿದ ಫೋರ್ಡ್ ಕಾರು ಕಂಪನಿಗೆ ಹೊಗಳಿಕೆಯೋ ಹೊಗಳಿಕೆ. ತಪ್ಪೇನಿಲ್ಲ. ಆದರೆ ಅದಕ್ಕೆ ಮುಂಚಿನ ಮೂರು ದಶಕದ ಪಾಡನ್ನು ಮರೆತರೆ ಹೇಗೆ?

1913ರ ಈ ಕಟ್ಟಡವನ್ನು ರೂಪಿಸಿದ್ದು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ವಾಸ್ತುಶಿಲ್ಪಿಗಳೇ. 1988ರಲ್ಲಿ ಕೊನೆಯ ರೈಲು ಹೊರಟಿತು. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಕಳ್ಳರು ಕಿತ್ತೊಯ್ದರು, ನೆಲಮಾಳಿಗೆಯಲ್ಲಿ ನೀರು ನಿಂತಿತು. 2009ರಲ್ಲಿ ಅಲ್ಲಿನ ನಗರಸಭೆ ಕೆಡವಲು ನಿರ್ಣಯವನ್ನೇ ಮಾಡಿತ್ತು! 2018ರಲ್ಲಿ ಫೋರ್ಡ್ ಕೊಂಡ ಮೇಲೆ, ಎಂದೋ ಕಳುವಾಗಿದ್ದ ಅಲ್ಲಿನ ಹಳೇ ಗಡಿಯಾರವನ್ನು ಯಾರೋ ಹೆಸರು ಹೇಳದೆ ಹಿಂದಿರುಗಿಸಿದರು. ಕಳ್ಳರಿಗೂ ಒಂದು ನಿಯತ್ತು ಇರುತ್ತೆ ಅಲ್ವಾ?

ಅದೇ ಊರಿನ ಮಿಷಿಗನ್ ಥಿಯೇಟರ್‌ಗೆ ಇಂಥ ಅದೃಷ್ಟ ಬರಲಿಲ್ಲ. 1926ರಲ್ಲಿ ಕಟ್ಟಿದ್ದು, ಸುಮಾರು 4,000 ಸೀಟು. ಪೂರ್ತಿ ಕೆಡವಿದರೆ ಅಂಟಿಕೊಂಡಿರುವ ಆಫೀಸ್ ಕಟ್ಟಡಕ್ಕೆ ಅಪಾಯ ಎಂದು ಒಳಭಾಗವನ್ನು ಮಾತ್ರ ಬಗೆದು, ಮೂರು ಅಂತಸ್ತಿನ ಕಾರ್ ಪಾರ್ಕಿಂಗ್ ಮಾಡಿದರು. ಈಗಲೂ ತಲೆಯೆತ್ತಿದರೆ ಗಾರೆಯ ಹೂಬಳ್ಳಿ, ಹರಿದ ಪರದೆಯ ಚಿಂದಿ, ಕೆಳಗೆ ಸಾಲು ಕಾರು. ತಮಾಷೆ ಎಂದರೆ, ಹೆನ್ರಿ ಫೋರ್ಡ್ ತಮ್ಮ ಮೊದಲ ಕಾರು ಮಾಡಿದ ಜಾಗವೂ ಇದೇ.

ಫೋಟೋಗ್ರಾಫರ್‌ಗಳು ಇಂಥ ಹಾಳುಬಿದ್ದ ಕಟ್ಟಡಗಳನ್ನು ಸುಮ್ನೆ ಚೆಂದಗಾಣಿಸಿ ತೋರಿಸುತ್ತಾರೆ. ನನಗದು ಹಿಡಿಸುವುದಿಲ್ಲ. ದುಡ್ಡಿರುವ ಕಂಪನಿ ಬರಲಿ ಎಂದು ಕಾಯುವ ಬದಲು, ಖಾಲಿ ಕಟ್ಟಡದ ಮಾಲೀಕರಿಂದ ಮೊದಲು ಸೋರುವ ಮಾಡನ್ನು ರಿಪೇರಿ ಮಾಡಿಸಬೇಕು. ಹಾಳಾಗುವುದು ಅಲ್ಲಿಂದಲೇ ಶುರುವಾಗುತ್ತದೆ.

– ಒಬ್ಬ ಓದುಗ