ಆ ಫೋಟೋ ನಿನ್ನ ಬ್ಯಾಗಿನಲ್ಲಿದೆ: ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ರಾತ್ರಿ ನಾನು ಆ ಮಾತು ಆಡಬಾರದಿತ್ತು. "ಆ ಕೆಲಸ ನಿಮ್ಮಪ್ಪನ್ನ ತಿಂದಿದ್ದು ಸಾಲದಾ, ನಿನ್ನನ್ನೂ ಕೊಡಬೇಕಾ" ಅಂದುಬಿಟ್ಟೆ. ನೀನು ತಟ್ಟೆ ಬಿಟ್ಟು ಎದ್ದು ಹೋದೆ. ನಾಳೆ ಬೆಳಿಗ್ಗೆ ಅಗ್ನಿಶಾಮಕ ದಳದ ತರಬೇತಿಗೆ ಹೊರಡುವವಳು ನೀನು. ಬಾಯಿಬಿಟ್ಟು ಹೇಳಲು ಬಂದರೆ ಮತ್ತೆ ಜಗಳವಾಗುತ್ತದೆ, ಇಲ್ಲಾ ನಾನು ಅತ್ತುಬಿಡುತ್ತೇನೆ. ಅದಕ್ಕೇ ಬರೆಯಲು ಕೂತೆ.

ಆಸ್ಪತ್ರೆಯ ಎಂಟು ತಿಂಗಳ ಬಗ್ಗೆ ಏನೂ ಬರೆಯುವುದಿಲ್ಲ. ನೀನೂ ಅಲ್ಲೇ ಇದ್ದೆ. ಕೊನೆಯ ದಿನ ನಿಮ್ಮಪ್ಪನ ಅಗ್ನಿಶಾಮಕ ಠಾಣೆಯವರೆಲ್ಲ ಬಂದು ಸಾಲಾಗಿ ನಿಂತಿದ್ದನ್ನೂ ನೀನೇ ನೋಡಿದ್ದೀಯ.

ನೀನು ಕೇಳಿದ್ದು ಆ ಫೋಟೋ ಒಂದನ್ನೇ. ಕೊಡಲ್ಲ ಅಂದೆ. ಯಾಕೆ ಅಂತ ಹೇಳಲಿಲ್ಲ. ಈಗ ಹೇಳುತ್ತೇನೆ.

ನಿನಗಾಗ ಐದು ವರ್ಷ. ಸೋಫಾ, ಹಾಸಿಗೆ ತುಂಬಿಟ್ಟಿದ್ದ ಗೋದಾಮಿಗೆ ಬೆಂಕಿ ಬಿದ್ದಿತ್ತು. ರಾತ್ರಿ ಗಂಟೆ ಹೊಡೆದಾಗ ನಮ್ಮನ್ನು ಎಬ್ಬಿಸದೆ ಹೋದವರು ಬೆಳಕು ಹರಿದ ಮೇಲೆ ಬಂದರು. ಹಣೆ, ಕುತ್ತಿಗೆ, ಕಿವಿಯ ಹಿಂದೆ ಎಲ್ಲ ಮಸಿ. ನೀನು ಓಡಿಹೋಗಿ ಅವರ ಕೋಟಿಗೆ ಮುಖ ಒತ್ತಿ ತಬ್ಬಿಕೊಂಡೆ. ಅವರು ಎತ್ತಿಕೊಂಡರು. ನೀನು ಈ ಕಡೆ ತಿರುಗಿದಾಗ ಕೆನ್ನೆ, ಮೂಗಿನ ತುದಿ ಎಲ್ಲ ಕಪ್ಪು. ನನಗೆ ನಗು ಬಂತು. ಒಳಗೆ ಹೋಗಿ ಕ್ಯಾಮೆರಾ ತಂದೆ.

ನಾನು ಮಾಡಿದ್ದು ಅದು. ನಿನ್ನನ್ನು ಆ ಕೋಟಿನಿಂದ ಬಿಡಿಸಿಕೊಳ್ಳಲಿಲ್ಲ. "ಇನ್ನೂ ಹತ್ತಿರ ಬನ್ನಿ" ಅಂತ ಹೇಳಿ ಫೋಟೋ ತೆಗೆದೆ.

ಆ ಕೋಟು ನಮ್ಮ ಬಚ್ಚಲುಮನೆ ಬಾಗಿಲ ಹಿಂದೆ ನೇತಾಡುತ್ತಿತ್ತು, ನೆನಪಿದೆಯಾ? ಎಲ್ಲರೂ ಠಾಣೆಯಲ್ಲೇ ಬಿಟ್ಟು ಬರುತ್ತಿರಲಿಲ್ಲ, ಆಗ ಹಾಗಿತ್ತು. ನಾನು ಅದನ್ನು ನಿನ್ನ ಫ್ರಾಕುಗಳ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದೆ. ನೀರು ಮೂರು ಸಲ ಬದಲಿಸಿದರೂ ಕಪ್ಪು ಬಿಡುತ್ತಲೇ ಇರುತ್ತಿತ್ತು. ಅದನ್ನು ಬರೀ ಕೊಳೆ ಅಂದುಕೊಂಡಿದ್ದೆ. ಹೊಗೆ ವಾಸನೆ ಬಂದರೆ ಅವರು ಮನೆಗೆ ಬಂದರು ಅಂತ ನನಗೆ ಜೀವ ಬರುತ್ತಿತ್ತು. ಅವರ ಹೆಲ್ಮೆಟ್ಟಿನ ಮಸಿಯನ್ನಂತೂ ಯಾರೂ ಒರೆಸುವಂತಿರಲಿಲ್ಲ. ಹೆಲ್ಮೆಟ್ ಎಷ್ಟು ಕಪ್ಪೋ ಅಷ್ಟು ಅನುಭವಸ್ಥ ಅಂತ ಲೆಕ್ಕ. ಹೊಸಬರು ಅದನ್ನು ನೋಡಿಯೇ ದಾರಿ ಬಿಡುತ್ತಿದ್ದರಂತೆ.

ಡಾಕ್ಟರು ಮೊದಲು ಕೇಳಿದ ಪ್ರಶ್ನೆ ನೀನು ಕೇಳಿಸಿಕೊಂಡಿಲ್ಲ, ಆಗ ನೀನು ಔಷಧಿ ತರಲು ಹೋಗಿದ್ದೆ. "ಸಿಗರೇಟು ಸೇದುತ್ತಿದ್ದರಾ?" ಅಂತ ಕೇಳಿದರು. ಮೂತ್ರಕೋಶದ ಕ್ಯಾನ್ಸರಿಗೆ ಅದೇ ದೊಡ್ಡ ಕಾರಣವಂತೆ. ನಾನು ತಲೆ ಎತ್ತಿ, "ಒಂದು ದಿನವೂ ಮುಟ್ಟಿದವರಲ್ಲ" ಅಂದೆ. ಇಪ್ಪತ್ತೇಳು ವರ್ಷ ಊರವರ ಮನೆಗಳ ಹೊಗೆ ಕುಡಿದಿದ್ದರು ಅನ್ನುವುದು ಆಗ ನನ್ನ ತಲೆಗೆ ಬರಲೇ ಇಲ್ಲ.

ಅವರು ಹೋಗಿ ಮೂರು ವರ್ಷವಾದ ಮೇಲೆ, 2022ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೆಂಕಿ ಆರಿಸುವ ಕೆಲಸವನ್ನೇ ಕ್ಯಾನ್ಸರ್ ತರುವಂಥದ್ದು ಅಂತ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ, ಆಸ್ಬೆಸ್ಟಾಸ್ ಅನ್ನುವ ಕಲ್ನಾರು ಇರುವ ಗುಂಪು ಅದು. 2007ರಲ್ಲಿ ಅದೇ ಸಂಸ್ಥೆ 'ತರಬಹುದು' ಅಂತಷ್ಟೇ ಹೇಳಿತ್ತು. ಸಾಕಷ್ಟು ಪುರಾವೆ ಸಿಕ್ಕಿದ ಎರಡು ಕ್ಯಾನ್ಸರುಗಳಲ್ಲಿ ಮೂತ್ರಕೋಶದ್ದೂ ಒಂದು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಅವರಿಗೆ ಬಂದಿದ್ದು ಅದರಿಂದಲೇ ಅಂತ ಯಾರೂ ಖಚಿತವಾಗಿ ಹೇಳಲಾರರು. ಒಬ್ಬ ಮನುಷ್ಯನ ವಿಷಯದಲ್ಲಿ ಹಾಗೆ ಹೇಳುವುದು ಕಷ್ಟ ಅಂತ ಡಾಕ್ಟರೇ ಅಂದಿದ್ದರು. ಆದರೂ ಅವತ್ತು ರಾತ್ರಿ ಆ ಫೋಟೋವನ್ನು ಬೀರುವಿನ ಅಡಿಯಲ್ಲಿ ಬೋರಲು ಹಾಕಿಟ್ಟೆ. ಅದರಲ್ಲಿ ಎಲ್ಲರಿಗೂ ಕಾಣುವುದು ಅಪ್ಪ, ಮಗಳು. ನನ್ನ ಕಣ್ಣಿಗೆ ಬೀಳುವುದು ನಿನ್ನ ಕೆನ್ನೆಯ ಮೇಲಿನ ಮಸಿ.

ಈಗ ಬುದ್ಧಿ ಹೇಳಬಾರದು ಅಂದುಕೊಂಡೇ ಕೂತೆ. ಆದರೆ ಹೇಳದೆ ಇರಲು ಆಗುತ್ತಿಲ್ಲ, ಕೇಳಿಸಿಕೋ.

ಬೆಂಕಿ ಆರಿದ ಮೇಲೆ ಮಾಸ್ಕ್ ತೆಗೆಯಬೇಡ. ನಿಮ್ಮಪ್ಪ ಮತ್ತು ಅವರ ಜೊತೆಯವರು ಮಾಡುತ್ತಿದ್ದ ತಪ್ಪು ಅದೇ. ಉರಿ ಇರುವಾಗ ಗಾಳಿ ಸಿಲಿಂಡರ್ ಹೊತ್ತಿರುತ್ತಿದ್ದರು. ಆರಿತು ಅಂದ ಕೂಡಲೇ ಮಾಸ್ಕ್ ಬಿಚ್ಚಿ, ಎಲ್ಲಾದರೂ ಕೆಂಡ ಉಳಿದಿದೆಯಾ ಅಂತ ಗಂಟೆಗಟ್ಟಲೆ ಬೂದಿ ಕೆದಕುತ್ತಿದ್ದರು. ಹೊಗೆ ಕಾಣದಿದ್ದರೂ ಅಲ್ಲಿ ವಿಷ ಇರುತ್ತದೆ. ಸೋಫಾದ ಫೋಮ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಸಯನೈಡ್ ಅನಿಲವೂ ಹೊರಡುತ್ತದೆ. ಇನ್ನು ಮಸಿ ಮೂಗಿನಿಂದಷ್ಟೇ ಒಳಗೆ ಹೋಗುವುದಿಲ್ಲ, ಚರ್ಮದಿಂದಲೂ ಇಳಿಯುತ್ತದೆ. ಮೈ ಬಿಸಿಯಾಗಿ ಬೆವತಾಗ ಇನ್ನೂ ಜಾಸ್ತಿ. ಕುತ್ತಿಗೆ, ಕಿವಿಯ ಹಿಂಭಾಗ ಅಲ್ಲೇ ಒರೆಸಿಕೋ. ಬಂದ ತಕ್ಷಣ ಸ್ನಾನ ಮಾಡು. ಕೋಟು, ಗ್ಲೌಸು, ಹುಡ್ ಎಲ್ಲ ಬೇರೆ ಚೀಲದಲ್ಲಿ ಕಟ್ಟು, ಠಾಣೆಯಲ್ಲೇ ತೊಳೆಸು. ಮಲಗುವ ಕೋಣೆಗೆ ತರಬೇಡ. ಹೆಲ್ಮೆಟ್ ಒರೆಸು. ಯಾರಾದರೂ ನಕ್ಕರೆ ನಗಲಿ. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸು. ಮೂತ್ರದಲ್ಲಿ ಒಂದು ಹನಿ ರಕ್ತ ಕಂಡರೂ ಮಾರನೇ ದಿನವೇ ಡಾಕ್ಟರ ಹತ್ತಿರ ಹೋಗು. ನಿಮ್ಮಪ್ಪ "ನೋವೇ ಇಲ್ಲವಲ್ಲ, ಸುಮ್ನೆ ಉಷ್ಣ" ಅಂತ ಆರು ತಿಂಗಳು ನನ್ನಿಂದ ಮುಚ್ಚಿಟ್ಟರು. ಬೇರೆಯವರ ಬಾಗಿಲು ಒಡೆದು ಒಳಗೆ ನುಗ್ಗುವ ಮನುಷ್ಯ, ತನ್ನ ವಿಷಯದಲ್ಲಿ ಆರು ತಿಂಗಳು ಕಾದರು. ಆ ಕೋಪ ನನಗಿನ್ನೂ ಇಳಿದಿಲ್ಲ.

ಉದ್ದವಾಯಿತು, ಗೊತ್ತು. ಇದನ್ನೆಲ್ಲ ತರಬೇತಿಯಲ್ಲೂ ಹೇಳಿಕೊಡುತ್ತಾರೆ. ಆದರೂ ನನ್ನಿಂದ ಒಂದು ಸಲ ಕೇಳು.

ನಿನ್ನ ಹೆಸರು ಆಯ್ಕೆ ಪಟ್ಟಿಯಲ್ಲಿ ಬಂದ ದಿನ ನಾನು ಏನೂ ಮಾತಾಡಲಿಲ್ಲ, ಅಡುಗೆಮನೆಗೆ ಹೋದೆ. ಬೇಜಾರಾಗಿ ಹೋದೆ ಅಂದುಕೊಂಡೆಯಲ್ಲ? ಹೆಮ್ಮೆ ತಡೆಯಲಾಗದೆ ಹೋದೆ ಪುಟ್ಟಿ. ಅಲ್ಲಿ ನಿಂತು ಅವರಿಗೆ ಹೇಳಿದೆ, ನಿಮ್ಮ ಮಗಳು ಪಾಸಾದಳು ಅಂತ. ಆಮೇಲೆ ಹೆದರಿಕೆ ಶುರುವಾಯಿತು. ಎರಡೂ ಒಟ್ಟಿಗೇ ಇವೆ, ಯಾವುದೂ ಕಡಿಮೆಯಾಗುತ್ತಿಲ್ಲ.

ಅವರನ್ನು ಎಲ್ಲರೂ ಧೈರ್ಯವಂತ ಅನ್ನುತ್ತಾರೆ. ನನಗೆ ನೆನಪಾಗುವುದು ರಜೆಯ ದಿನ ನಿನಗೆ ಜಡೆ ಹಾಕುತ್ತಿದ್ದ ಅಪ್ಪ. ಹೋಸ್ ಎಳೆದೆಳೆದು ಒರಟಾದ ಬೆರಳುಗಳಿಗೆ ನಿನ್ನ ಕೂದಲು ಸಿಕ್ಕಿಕೊಳ್ಳುತ್ತಿತ್ತು. ನೀನು ಅಯ್ಯೋ ಅಂದರೆ ಊದಿ ಊದಿ ಬಿಡಿಸುತ್ತಿದ್ದರು. ಜಡೆ ಯಾವತ್ತೂ ಒಂದು ಕಡೆ ವಾಲಿರುತ್ತಿತ್ತು. ಬಿಚ್ಚಿ ಹಾಕಲು ನೀನು ನನ್ನನ್ನು ಬಿಡುತ್ತಿರಲಿಲ್ಲ.

ಮತ್ತೆ ಆ ಆಟ. ನಿನ್ನ ಕಣ್ಣಿಗೆ ಟವೆಲ್ ಕಟ್ಟಿ, ಮಂಡಿಯೂರಿಸಿ, "ಹೊಗೆಯಲ್ಲಿ ಎದ್ದು ನಿಲ್ಲಬಾರದು, ಗಾಳಿ ನೆಲದ ಹತ್ತಿರ ಇರುತ್ತೆ. ಬಲಗೈ ಗೋಡೆ ಬಿಡಬಾರದು, ಗೋಡೆ ಬಿಡದಿದ್ದರೆ ಬಾಗಿಲು ಸಿಕ್ಕೇ ಸಿಗುತ್ತೆ" ಅನ್ನುತ್ತಿದ್ದರು. ಬಾಗಿಲು ಸಿಕ್ಕಿದರೆ ಕೈಯ ಹಿಂಭಾಗದಿಂದ ಮುಟ್ಟಿ, ಬಿಸಿಯಾ ತಣ್ಣಗಾ ಹೇಳಬೇಕು. ನೀನು ಪ್ರತಿಸಲವೂ "ತಣ್ಣಗಿದೆ ಅಪ್ಪಾ" ಅಂತ ಕೂಗುತ್ತಿದ್ದೆ. ಮನೆಗೆ ಬಂದರೂ ಡ್ಯೂಟಿ ಬಿಡಲ್ಲ ಅಂತ ನಾನು ಗೊಣಗುತ್ತಿದ್ದೆ. ನಮ್ಮಿಬ್ಬರನ್ನೇ ಬಿಟ್ಟು ರಾತ್ರಿ ಹೋಗಬೇಕಲ್ಲ ಅನ್ನುವ ಸಂಕಟಕ್ಕೆ ಅವರಿಗೆ ಗೊತ್ತಿದ್ದ ಮದ್ದು ಅದೊಂದೇ ಆಗಿತ್ತು ಅಂತ ಈಗ ಅನ್ನಿಸುತ್ತದೆ.

ಫೋಟೋ ನಿನ್ನ ಬ್ಯಾಗಿನಲ್ಲಿದೆ, ಮೇಲಿನ ಬಟ್ಟೆಗಳ ನಡುವೆ. ಅದರ ಕೆಳಗೆ ಜಿಪ್ ಇರುವ ಎರಡು ದೊಡ್ಡ ಚೀಲ ಇಟ್ಟಿದ್ದೇನೆ. ಕೊಳೆ ಬಟ್ಟೆಗೆ. ಹಗುರವಾಗಿವೆ, ತೆಗೆದು ಇಟ್ಟು ಹೋಗಬೇಡ.

ಬೆಳಿಗ್ಗೆ ನೀನು ಹೊರಡುವ ಹೊತ್ತಿಗೆ ನನಗೆ ಎಚ್ಚರವಾಗದಿದ್ದರೆ ಎಬ್ಬಿಸು. ಪಾಪ ಮಲಗಿದ್ದಾಳೆ ಅಂತ ಅವರ ಹಾಗೆ ಸದ್ದಿಲ್ಲದೆ ಹೋಗಬೇಡ.

ನಿನ್ನ
ಅಮ್ಮ