ಕಥೆಯ ಕೆಳಗೆ ಎರಡು ನಂಬರ್ ಇರಲಿ

ಸಂಪಾದಕರೇ,

ಭಾನುವಾರದ ಪುರವಣಿಗಳಲ್ಲಿ ಮನೆಯೊಳಗೆ ಮಕ್ಕಳ ಮೇಲಾಗುವ ಲೈಂಗಿಕ ದೌರ್ಜನ್ಯದ ಕಥೆಗಳು ಆಗಾಗ ಬರುತ್ತಿರುವುದು ಒಳ್ಳೆಯದೇ. ಕರಾವಳಿಯ ನಾವು ಅಜ್ಜಿಮನೆಯನ್ನು ಹಲಸಿನ ಹಪ್ಪಳ, ಬೇಸಗೆ ರಜೆ ಎಂದು ಬೇಕಾದಷ್ಟು ಹೊಗಳಿ ಬರೆದಾಯಿತು. ಅದೇ ಮನೆಯಲ್ಲಿ ಒಬ್ಬಳೇ ಅಟ್ಟ ಹತ್ತಲು ಹೆದರುವ ಹುಡುಗಿಯೂ ಇರುತ್ತಿದ್ದಳು. ಬಾಯಿಬಿಟ್ಟರೆ, “ಸುಮ್ಮನಿರು ಮಾರಾಯ್ತಿ, ಮನೆತನದ ಮರ್ಯಾದೆ ಉಂಟಲ್ಲ!”

ನನ್ನ ತಕರಾರು ಈ ಕಥೆಗಳ ಕೊನೆಯ ಪ್ಯಾರಾದ ಬಗ್ಗೆ. ಮೂವತ್ತು ವರ್ಷ ನುಂಗಿಕೊಂಡದ್ದು ಒಂದು ಮಳೆಯ ರಾತ್ರಿ ಅತ್ತು ಮುಗಿದುಬಿಡುತ್ತದೆ. ಹಾಸಿಗೆ ಹಿಡಿದ ಮಾವನಿಗೆ ಗಂಜಿ ಕುಡಿಸಿ ಕ್ಷಮಿಸುವುದೂ ಆಗುತ್ತದೆ. (ಗಂಜಿ ಕುಡಿಸುವ ಕೆಲಸ ಯಾವಾಗಲೂ ಅವಳಿಗೇ ಏಕೆ?) ಗಾಯ ಹಾಗೆ ಮಾಯುವುದಿಲ್ಲ. ಚಿಲಕದ ಸದ್ದಿಗೇ ಮೈ ಸೆಟೆಯುವುದು, ಆಪ್ತಸಮಾಲೋಚಕರ ಬಳಿ ತಿಂಗಳುಗಟ್ಟಲೆ ಹೋಗುವುದು, ನಡುವೆ ಬಿಟ್ಟು ಮತ್ತೆ ಹೋಗುವುದು, ಇವೆಲ್ಲ ಕಥೆಯೊಳಗೆ ಬರಲಿ. ಕ್ಷಮಿಸದೆಯೂ ಚೇತರಿಸಿಕೊಂಡವಳು ಒಬ್ಬಳಾದರೂ ಸಿಗಲಿ.

ಗಂಡುಮಕ್ಕಳ ಕಥೆಯಂತೂ ಕಾಣುವುದೇ ಅಪರೂಪ. ಕೇಂದ್ರ ಸರ್ಕಾರದ 2007ರ ಅಧ್ಯಯನದಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರು.

ಒಂದು ವಿನಂತಿ. ಇಂಥ ಕಥೆ ಪ್ರಕಟಿಸುವಾಗ ಕೆಳಗೆ ಮಕ್ಕಳ ಸಹಾಯವಾಣಿ 1098, ಮಹಿಳೆಯರ ಸಹಾಯವಾಣಿ 181 ಎಂದು ಅಚ್ಚುಹಾಕಿ. 2012ರ ಪೋಕ್ಸೊ ಕಾಯ್ದೆಯಂತೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ದೂರು ಕೊಡದಿರುವುದು ಅಪರಾಧ ಎಂಬ ಒಂದು ಸಾಲನ್ನೂ ಸೇರಿಸಿ. ಮನೆಯ ಹಿರಿಯರೂ ಪುರವಣಿ ಓದುತ್ತಾರೆ.

– ಓದುಗಳೊಬ್ಬಳು, ಅಜ್ಜರಕಾಡು, ಉಡುಪಿ